ಕಪ್ಪು-ಬಿಳುಪಿನಲ್ಲಿ ಕಾಣದ ಬೊಟ್ಟು

೨೦೦೧ರಲ್ಲಿ ನಾನು ಚೆನ್ನೈನ ವೆಸ್ಟ್ ಮಾಂಬಲಂನಲ್ಲಿ ಸಣ್ಣದೊಂದು ಡಿಸೈನ್ ಆಫೀಸು ನಡೆಸುತ್ತಿದ್ದೆ. ಮದುವೆ ಕಾರ್ಡು, ವಿಸಿಟಿಂಗ್ ಕಾರ್ಡು, ಆಗೊಮ್ಮೆ ಈಗೊಮ್ಮೆ ಒಂದು ಲೋಗೊ. ಪಕ್ಕದ ಓಣಿಯ ಶ್ರೀನಿವಾಸರಾಯರು ಬ್ಯಾಂಕಿನಿಂದ ನಿವೃತ್ತರಾಗಿ, ಹೆಂಡತಿ ಅಂಬುಜಮ್ಮನ ಸಾರಿನ ಪುಡಿಯನ್ನು ಪೊಟ್ಟಣ ಕಟ್ಟಿ ಮಾರಲು ಹೊರಟಿದ್ದರು. ತಲೆಮಾರುಗಳಿಂದ ಮದ್ರಾಸಿನಲ್ಲಿದ್ದ ಮನೆತನ. ಅವರ ಕನ್ನಡದಲ್ಲಿ ತಮಿಳು ಧಾರಾಳವಾಗಿ ನುಸುಳುತ್ತಿತ್ತು.

ಲೋಗೊವನ್ನು ರಾಯರೇ ಬರೆದು ತಂದಿದ್ದರು. ಹೆಂಡತಿಯ ಮುಖ, ಕಂದು ಬಣ್ಣದಲ್ಲಿ. ಹಣೆಯ ಮೇಲೆ ಕಾಸಗಲದ ಕೆಂಪು ಬೊಟ್ಟು. ಕಂಪ್ಯೂಟರಿನಲ್ಲಿ ಬಲು ಚೆನ್ನಾಗಿ ಕಾಣುತ್ತಿತ್ತು. ಆದರೆ ಪತ್ರಿಕೆ, ಫ್ಯಾಕ್ಸ್, ರಬ್ಬರ್ ಸ್ಟಾಂಪುಗಳಿಗೆ ಬಣ್ಣದ ಹಂಗಿಲ್ಲ. ಹಾಗಾಗಿ ಅದನ್ನು ಗ್ರೇಸ್ಕೇಲಿಗೆ, ಅಂದರೆ ಬರೀ ಬೂದು ಛಾಯೆಗಳಿಗೆ ತಿರುಗಿಸಿ ನೋಡಿದೆ. ಆ ಕೆಂಪು, ಈ ಕಂದು ಎರಡೂ ಒಂದೇ ಗಾಢತೆಯವು. ಬೊಟ್ಟು ಹಣೆಯೊಳಗೆ ಕರಗಿಹೋಯಿತು. ಸುತ್ತ ಒಂದು ಬಿಳಿ ಗೆರೆ ಹಾಕೋಣ ಎಂದೆ.

"ಹಣೆಗೆ ಯಾರಾದ್ರೂ ಬೇಲಿ ಹಾಕ್ತಾರೇನಯ್ಯಾ? ಪರವಾಯಿಲ್ಲೆ, ಹಾಗೇ ಇರ್ಲಿ" ಎಂದು ರಾಯರು ನಕ್ಕರು. ಹಿಡಿದ ಹಟ ಬಿಡುವ ಆಸಾಮಿಯಲ್ಲ.

ಗೆರೆಯಿಲ್ಲದೆಯೇ ಪುಡಿಯ ಜಾಹೀರಾತನ್ನು ಪತ್ರಿಕೆಗೆ ಕೊಟ್ಟೆವು. ಅದು ಅಚ್ಚಾಗಿ ಬರುವ ಹಿಂದಿನ ದಿನ ರಾಯರಿಗೆ ಹೃದಯಾಘಾತವಾಯಿತು. ಮರುದಿನ ಬೆಳಿಗ್ಗೆ ನಾನು ಕೀಲ್ಪಾಕಿನ ಆಸ್ಪತ್ರೆಗೆ ಹೋದಾಗ ಅಂಬುಜಮ್ಮ ಪತ್ರಿಕೆ ಮಡಿಸಿ ಹಿಡಿದು ಬೆಂಚಿನ ಮೇಲೆ ಕೂತಿದ್ದರು. ಅದರಲ್ಲಿ ಬೊಟ್ಟಿಲ್ಲದ ಅವರದೇ ಮುಖ. ಪಕ್ಕದಲ್ಲಿ ರಾಯರ ತಂಗಿ "ಇದೆಂಥ ಅಪಶಕುನ" ಎಂದು ಅಳುತ್ತಿದ್ದರು.

ಅಂಬುಜಮ್ಮ ಅಳಲಿಲ್ಲ. "ಪೇಪರ್ ಎಲ್ಲಿ, ಪೇಪರ್ ಎಲ್ಲಿ ಅಂತ ಎದ್ದಾಗಿಂದ ಕೇಳ್ತಿದಾರೆ. ಇದನ್ನ ಹ್ಯಾಗೆ ತೋರಿಸ್ಲಿ? ಬೊಟ್ಟು ಕಾಣೋ ಹಾಗೆ ಮಾಡ್ಕೊಂಡು ಸೀಕ್ರಂ ಬಾಪ್ಪಾ" ಎಂದರು.

ಆಟೋ ಹಿಡಿದು ಆಫೀಸಿಗೆ ಓಡಿದೆ. ಸುತ್ತ ತೆಳ್ಳಗೆ ಬಿಳಿ ಬಿಟ್ಟು, ಬೊಟ್ಟನ್ನು ಅಚ್ಚ ಕಪ್ಪು ಮಾಡಿ, ಲೇಸರ್ ಪ್ರಿಂಟ್ ತೆಗೆದು ತಂದೆ. ರಾಯರು ಅದನ್ನು ಕಣ್ಣ ಹತ್ತಿರ ಹಿಡಿದು ನೋಡಿದರು.

"ಬೇಲಿ ಹಾಕೇಬಿಟ್ಯಾ" ಎಂದರು. ಬೆರಳು ಆ ಬೊಟ್ಟಿನ ಮೇಲೇ ಇತ್ತು. ಮರುದಿನ ತೀರಿಕೊಂಡರು.

ಕೆಲವು ತಿಂಗಳ ಮೇಲೆ ಅಂಬುಜಮ್ಮ ನಾದಿನಿಯ ಜೊತೆ ಆಫೀಸಿಗೆ ಬಂದರು. ಹಣೆ ಬರಿದಾಗಿತ್ತು. ನಾನು ಕಂಪ್ಯೂಟರಿನಲ್ಲಿ ಪೊಟ್ಟಣದ ಚಿತ್ರ ತೆರೆದೆ.

"ಪೊಟ್ಟಣದ ಮೇಲಿನ ಬೊಟ್ಟು ತೆಗೆದುಬಿಡಿ. ನೋಡಿದವರು ಏನಂತಾರೆ?" ಎಂದರು ನಾದಿನಿ.

ಅಂಬುಜಮ್ಮ ಸ್ಕ್ರೀನಿನ ಮೇಲಿನ ಬೊಟ್ಟಿಗೆ ಬೆರಳಿಟ್ಟರು. ಆಮೇಲೆ ನನಗೆ ಹೇಳಿದರು: "ನನ್ನ ಹಣೇದು ಹೋಯ್ತು. ಇದು ಅವರು ಇಟ್ಟದ್ದು. ಇದನ್ನ ಅಳಿಸ್ಬೇಡಪ್ಪಾ."

ಅಳಿಸಲಿಲ್ಲ. ಬಣ್ಣದ ಪೊಟ್ಟಣಕ್ಕೂ ಬಿಳಿ ಗೆರೆಯ ಆ ಬೊಟ್ಟನ್ನೇ ಹಾಕಿದೆ. ಅಂದಿನಿಂದ ಗಿರಾಕಿ ಎಷ್ಟೇ ನಕ್ಕರೂ ಈ ಒಂದು ಮಾತಿನಲ್ಲಿ ನಾನು ಸೋಲುವುದಿಲ್ಲ. ಬಣ್ಣ ಹೋದ ಮೇಲೆ ಏನು ಉಳಿಯಬೇಕು, ಅದನ್ನು ಮೊದಲು ಹೇಳಿ ಎನ್ನುತ್ತೇನೆ.