ರೂಪವೋ, ರೊಪ್ಪವೋ?

ನನ್ನ ಪಾಂಡಿತ್ಯ ಹೋದ ತಿಂಗಳು ಗುಮ್ಮಘಟ್ಟದಲ್ಲಿ ಮಣ್ಣುಪಾಲಾಯಿತು. ಒಬ್ಬ ಪಾದ್ರಿ, ಒಬ್ಬ ಸೋದರತ್ತೆ ಮತ್ತು ಮೂವತ್ತು ಕುರಿಗಳ ಎದುರಿಗೆ. (ಕುರಿಗಳು ನಗಲಿಲ್ಲ.)

ಒಂದು ಹಳೆಯ ಶಿವಪದದ ಸಾಲಿಗೆ ಇದೇ ಅಂಕಣದಲ್ಲಿ ನಾನು ಅರ್ಥ ಬರೆದದ್ದು ನಿಮಗೆ ನೆನಪಿರಬಹುದು. 'ರೂಪದೊಳಗಣ ಮರಿಯು ತಾಯ ದನಿಯನರಿವಂತೆ.' ರೂಪವೆಂದರೆ ದೇಹ, ಮರಿಯೆಂದರೆ ಜೀವಾತ್ಮ, ತಾಯಿಯೆಂದರೆ ಪರಶಿವ ಎಂದು ಒಂದೂವರೆ ಕಾಲಂ ಎಳೆದಿದ್ದೆ. ಮೆಚ್ಚಿ ಕಾಗದ ಬರೆದವರೂ ಇದ್ದರು.

ಒಂದು ಕಾಗದ ಮಾತ್ರ ಬೇರೆ ಥರ. ಬರೆದವರು ಕ್ಯಾಥೊಲಿಕ್ ಪಾದ್ರಿ. ಅವರ ಸಂನ್ಯಾಸಿ ಸಭೆಗೆ ಸ್ವಂತ ಪ್ರೆಸ್ಸು ಇದೆ. ಹಳೆಯ ಗ್ರಂಥವೊಂದರ ಓಲೆಪ್ರತಿಗಳನ್ನೆಲ್ಲ ಹುಡುಕಿ, ಅಕ್ಷರಕ್ಕೆ ಅಕ್ಷರ ತಾಳೆ ನೋಡಿ, ಸರಿಯೆನಿಸಿದ ಪಾಠವನ್ನು ಮೇಲೆ, ಮಿಕ್ಕವನ್ನು ಅಡಿಯಲ್ಲಿ ಅಚ್ಚು ಹಾಕುತ್ತಾರೆ. ಈಗ ಅದೇ ಶಿವಪದಗಳ ಸರದಿ. 'ಆ ಸಾಲು ನಮಗೆ ಅರ್ಥವಾಗಿಲ್ಲ. ತಮ್ಮ ಕಡೆ ಬೇರೆ ಪ್ರತಿ ಇದೆಯೇ?' ಎಂದು ಕೇಳಿದ್ದರು.

ಶಿವನ ಪದ ತಿದ್ದಲು ಪಾದ್ರಿ ಯಾಕೆ? ನನಗೂ ಹಾಗೇ ಅನಿಸಿತು. ಆದರೆ ಗುಮ್ಮಘಟ್ಟದ ಸೋದರತ್ತೆ ಈರಮ್ಮನ ದೇವರಗೂಡಿನಲ್ಲಿ ಅದೇ ಪದಗಳ ಒಂದು ಓಲೆಕಟ್ಟು ಇತ್ತು. ಗೆಲ್ಲುವುದು ನನ್ನ ಅರ್ಥವೇ ಎಂಬ ಧೈರ್ಯದಲ್ಲಿ 'ಬನ್ನಿ' ಎಂದು ಬರೆದೆ.

ರಾಯದುರ್ಗದಲ್ಲಿ ರೈಲಿಳಿದ ಪಾದ್ರಿಯನ್ನು ಎತ್ತಿನ ಗಾಡಿಯಲ್ಲಿ ಕರೆದೊಯ್ದೆ. ಬಂದ ಕೆಲಸ ಕೇಳಿದ್ದೇ ಅತ್ತೆ ಬಾಗಿಲಿಗೆ ಅಡ್ಡ ನಿಂತಳು.

"ಹಿಂದ ಒಬ್ರು ಪಂಡಿತ್ರು ಓದಿ ಕೊಡ್ತೀನಂತ ಒಂದು ಕಟ್ಟು ಒಯ್ದ್ರು. ಇವತ್ತಿಗೂ ಬಂದಿಲ್ಲ. ನಮ್ಮ ಮನಿಯವ್ರು ಸಾಯೋತನ ಅದನ್ನ ನೆನಸಿದ್ರು. ಇದನ್ನೂ ಕಳಕೊಳ್ಳಲೇನ್ರಿ?"

"ಕೊಡಬೇಡಿ ತಾಯಿ," ಎಂದರು ಪಾದ್ರಿ. "ಕಟ್ಟು ನಿಮ್ಮ ಕೈಯಲ್ಲೇ ಇರಲಿ. ನೀವು ಓಲೆ ತಿರುವಿರಿ, ನಾನು ನೋಡಿ ಬರೆದುಕೊಳ್ಳುತ್ತೇನೆ."

ಅತ್ತೆ ಜಗಲಿಯ ಮೇಲೆ ಚಾಪೆ ಹಾಸಿದಳು. "ಕೈಕಾಲು ತೊಳಕೊಂಡು ಬರ್ರಿ."

ಮೂರು ದಿನ ಜಗಲಿಯ ಮೇಲೆ ಅದೇ ಕೆಲಸ. ಪಾದ್ರಿಯ ಊಟವೂ ಅಲ್ಲೇ. ಅತ್ತೆಗೆ ಓದು ಬರುವುದಿಲ್ಲ. ಆದರೆ ಓಲೆಯನ್ನು ಕೂಸಿನಂತೆ ತಿರುವುತ್ತಿದ್ದಳು. ಮೂರನೆಯ ದಿನ ಸಂಜೆ ನನ್ನ ಸಾಲು ಬಂತು. ಪಾದ್ರಿ ಭೂತಗನ್ನಡಿ ಹಿಡಿದು ಎರಡು ಸಲ ನೋಡಿದರು.

"ರೂಪ ಅಲ್ಲ. 'ರೊಪ್ಪದೊಳಗಣ' ಎಂದಿದೆ. ರೊಪ್ಪ ಎಂದರೇನು ತಾಯಿ?"

ಅಷ್ಟರಲ್ಲಿ ಮೇಯಲು ಹೋಗಿದ್ದ ಕುರಿಗಳು ಬಂದವು. ಅತ್ತೆ ಪಕ್ಕದ ಮುಳ್ಳುಬೇಲಿಯ ದೊಡ್ಡಿ ತೋರಿಸಿದಳು. "ಅದಾ ನೋಡ್ರಿ ರೊಪ್ಪ. ಎಲ್ಲಾ ಕುರಿ ಒದರಾಕ ಹತ್ಯಾವು. ಒಳಗಿನ ಮರಿ ಯಾರ ದನಿಗೆ ಓಡ್ತೈತಿ?"

ಒಂದೊಂದು ಮರಿಯೂ ಸರಿಯಾಗಿ ತನ್ನ ತಾಯಿಯ ಬಳಿಗೇ ಓಡಿತು.

"ಇದಕ್ಕ ನೀನೇನು ಅರ್ಥ ಬರ್ದಿದ್ದೆಪ್ಪಾ?" ಅತ್ತೆ ನನ್ನ ಕಡೆ ತಿರುಗಿದಳು. ಹೇಳಿದೆ. "ರೂಪದಾಗ ಮರಿ ಹೆಂಗ ಇರ್ತೈತೋ?" ಎಂದು ಸೆರಗು ಬಾಯಿಗೆ ಹಿಡಿದು ನಕ್ಕಳು.

ನಾಚಿಕೆಯಾಯಿತು. ರೊಪ್ಪ ಕಾಣದ ಯಾರೋ ಲಿಪಿಕಾರ ಅದನ್ನು ರೂಪ ಮಾಡಿದ್ದರೆ ಕ್ಷಮಿಸಬಹುದು. ಆದರೆ ನಾನು? ಚಿಕ್ಕಂದಿನಲ್ಲಿ ಅದೇ ರೊಪ್ಪದಲ್ಲಿ ಮರಿಗಳ ಜೊತೆ ಆಡಿದವನು!

ಮೊನ್ನೆ ಅಚ್ಚಿನ ಪ್ರೂಫು ಬಂತು. ಅತ್ತೆಗೆ ಓದಿ ತೋರಿಸಿದೆ. ಮೇಲೆ ರೊಪ್ಪ, ಅಡಿಯಲ್ಲಿ ರೂಪ. ಅವಳು ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟಳು. "ತಪ್ಪಂತ ಗೊತ್ತಾದ ಮ್ಯಾಲೂ ಇದನ್ನ ಯಾಕ ಇಟ್ಟಾರ?"

ಪ್ರೂಫಿನ ಜೊತೆಗಿದ್ದ ಕಾಗದದಲ್ಲಿ ಪಾದ್ರಿ ಅದನ್ನೂ ಬರೆದಿದ್ದರು: 'ತಪ್ಪಿದವರು ನಾವೇ ಇರಬಹುದು. ಮುಂದಿನವರು ನೋಡಿ ತೀರ್ಮಾನಿಸಲಿ.'

"ಹಂಗಂತಾರಾ?" ಎಂದಳು ಅತ್ತೆ. "ಮುಂದಿನ ಸಲ ಬಂದ್ರ ಊಟಕ್ಕ ಒಳಗ ಕರಿ."

ನಮ್ಮ ಪದ ನಮಗೆ ಗೊತ್ತು ಎನ್ನುವವರಿಗೆ ನನ್ನದೊಂದೇ ಪ್ರಶ್ನೆ. ನಿಮ್ಮ ಅಟ್ಟದ ಮೇಲಿನ ಕಟ್ಟನ್ನು ಕಡೆಯ ಸಲ ಬಿಚ್ಚಿದ್ದು ಯಾವಾಗ?