ಪಾರ್ಕಿಂಗ್ ಖಾಲಿ ಇತ್ತು, ಸುಧಾ

ಸುಧಾ, ಆ ಭಾನುವಾರ ಹಾಲ್‌ನ ಪಾರ್ಕಿಂಗ್ ಫುಲ್ ಆಗಿರಲಿಲ್ಲ. ಅರ್ಧದಷ್ಟೂ ತುಂಬಿರಲಿಲ್ಲ. ಫುಲ್ ಎಂದು ನಿಮ್ಮಪ್ಪನಿಗೆ ಸುಳ್ಳು ಹೇಳಿದವನು ನಾನು. ನಿನ್ನ ಕಾರ್ಯಕ್ರಮಕ್ಕೆ ಅವನು ತಡವಾಗಿ ಬಂದದ್ದು ನನ್ನಿಂದ — ಮನಸ್ಸಿಲ್ಲದೆ ಅಲ್ಲ, ಟ್ರಾಫಿಕ್‌ನಿಂದಲೂ ಅಲ್ಲ. ಇಷ್ಟು ಹೇಳಲು ನನಗೆ ವರ್ಷಗಳೇ ಬೇಕಾದವು.

ನನ್ನನ್ನು ನೀನು ಬಲ್ಲೆ. ಪೀಣ್ಯದ ಕಾರ್ಖಾನೆಯಲ್ಲಿ ನಿಮ್ಮಪ್ಪ ರಂಗಪ್ಪನ ಪಕ್ಕದ ಮೆಷಿನ್‌ನಲ್ಲಿ ನಿಂತು ಜೀವ ಸವೆಸಿದವನು, ನೀನು ಚಿಕ್ಕವಳಿದ್ದಾಗ ದಾಸರಹಳ್ಳಿಯ ನಿಮ್ಮ ಮನೆಯಲ್ಲಿ ರಜೆಯ ದಿನವೆಲ್ಲ ಬಿದ್ದಿರುತ್ತಿದ್ದ ಕೆಂಪಣ್ಣ ಮಾವ. ರಿಟೈರಾದ ಮೇಲೆ ವೈಟ್‌ಫೀಲ್ಡ್ ಕಡೆಯ ನಮ್ಮ ಹಳ್ಳಿಗೇ ವಾಪಸು ಬಂದೆ. ಹಳ್ಳಿ ಎನ್ನುವುದು ಈಗ ಬಾಯಿಮಾತು. ನಮ್ಮ ರಾಗಿ ಹೊಲವಿದ್ದ ಕಡೆ ಆ ದೊಡ್ಡ ಹಾಲ್ ಎದ್ದಿದೆ. ಕೆರೆಯ ಈಚೆ ನಮ್ಮ ಮನೆ, ಆಚೆ ಹಾಲ್. ಮದುವೆ, ಮೇಳ, ಕಂಪನಿಗಳ ಫಂಕ್ಷನ್, ಏನಾದರೊಂದು ಇದ್ದೇ ಇರುತ್ತದೆ. ಬಂದವರೆಲ್ಲ ನಮ್ಮ ಗೇಟಿನ ಮುಂದೆ ಕಾರಿನ ಗಾಜು ಇಳಿಸಿ, "ಅಣ್ಣ, ಪಾರ್ಕಿಂಗ್ ಎಲ್ಲಿ?" ಎನ್ನುತ್ತಾರೆ. ನಾನು ಹೇಳುತ್ತೇನೆ — ಮ್ಯಾಪ್ ತೋರಿಸುವ ಅಂಡರ್‌ಪಾಸ್ ಬೇಡ, ಕೆರೆ ಏರಿ ಮೇಲೆ ಹೋಗಿ. ಮುಂದಿನ ಗೇಟ್ ಜಾಮ್ ಆಗಿದ್ದರೆ ಹಿಂದಿನದು ನೋಡಿ. ಗಾಡಿಯ ಮೂತಿ ಹೊರಗಡೆಗಿರಲಿ, ಹೊರಡುವಾಗ ಒದ್ದಾಡಬೇಕಾಗಿಲ್ಲ. "ಥ್ಯಾಂಕ್ಸ್ ಅಣ್ಣ" ಎಂದು ಗಾಜು ಏರಿಸಿಕೊಂಡು ಹೊರಟುಬಿಡುತ್ತಾರೆ. ನಿನ್ನ ಜಯಮ್ಮತ್ತೆ ತೀರಿಕೊಂಡ ಮೇಲೆ ಎಷ್ಟೋ ವಾರ ನಾನು ಮನುಷ್ಯರೊಡನೆ ಆಡಿದ ಮಾತು ಅಷ್ಟೇ. ಇದನ್ನು ನೆಪವೆಂದು ಹೇಳುತ್ತಿಲ್ಲ. ಹಾಗಿತ್ತು.

ನೀನು ಡೊಳ್ಳು ಬಾರಿಸುವುದು ರಂಗಪ್ಪನಿಗೆ ಹಿಡಿಸುತ್ತಿರಲಿಲ್ಲ. ಹೆಣ್ಣುಮಗಳು ಡೊಳ್ಳು ಕಟ್ಟಿಕೊಂಡು ಜನರ ಮುಂದೆ ಕುಣಿಯುವುದೇ ಎಂದು ಅವನು ಕೂಗಾಡಿದ್ದು, ನೀನು ಬಟ್ಟೆ ತುಂಬಿಕೊಂಡು ಹೊರಟದ್ದು, ಆಮೇಲೆ ಇಬ್ಬರೂ ಬಿಗಿದುಕೊಂಡು ಕೂತದ್ದು — ಎಲ್ಲ ನನಗೆ ಗೊತ್ತು. ಕೊನೆಗೆ ಸೋತು ಫೋನ್ ಮಾಡಿದವಳು ನೀನೇ. "ನಮ್ ತಂಡದ್ದೇ ಮೊದಲನೇ ಐಟಂ. ಮುಂದಿನ ಸಾಲಲ್ಲಿ ಸೀಟ್ ಹಿಡಿದಿರ್ತೀನಿ, ಬನ್ನಿ ಅಪ್ಪ" ಎಂದೆಯಂತೆ. ಅವನು ಅದನ್ನು ನನಗೆ ಹೇಳಿದ್ದೇ ಹೇಳಿದ್ದು. ಬಿಳಿ ಶರ್ಟನ್ನು ಇಸ್ತ್ರಿಗೆ ಕೊಟ್ಟಿದ್ದನ್ನೂ ಹೇಳಿದ.

ಆ ದಿನ ಚಿಕ್ಕಬಾಣಾವರದ ಈಗಿನ ಮನೆಯಿಂದ ಬೇಗನೇ ಹೊರಟು, ಹತ್ತಿರ ಬಂದ ಮೇಲೆ ಫೋನ್ ಮಾಡಿದ.

"ಗುರು, ಗಾಡಿ ಎಲ್ ಹಾಕ್ಲಿ? ಸೀದಾ ಹಾಲ್‌ಗೇ ಹೋಗ್ಬಿಡ್ಲಾ?"

"ಅಲ್ಲಿ ಫುಲ್ ಆಗೋಗದೆ ಕಣೋ. ನಮ್ಮನೇಲೇ ನಿಲ್ಸು. ಕಾಫಿ ಕುಡ್ದು ಇಬ್ರೂ ನಡ್ಕೊಂಡ್ ಹೋಗಾಣ."

ನಾನು ಆಗಷ್ಟೇ ಏರಿ ಮೇಲೆ ಅಡ್ಡಾಡಿ, ಖಾಲಿ ಜಾಗವನ್ನು ಕಣ್ಣಾರೆ ನೋಡಿ ಬಂದಿದ್ದೆ. ಹಾಲ್‌ಗೆ ಹೋದರೆ ಅವನು ನಿನ್ನ ಜೊತೆ ಇರುತ್ತಾನೆ, ಮುಗಿಸಿಕೊಂಡು ಹಾಗೇ ಊರ ದಾರಿ ಹಿಡಿಯುತ್ತಾನೆ. ನನ್ನ ಮನೆಗೆ ಯಾಕೆ ಬರುತ್ತಾನೆ?

ಬಂದ. ಉಪ್ಪಿಟ್ಟು ತಿಂದ. ಕಾರ್ಖಾನೆಯ ಹಳೆಯ ಕಥೆ ತೆಗೆದು ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆ ಮನೆಯಲ್ಲಿ ನಗು ಕೇಳಿ ಯಾವ ಕಾಲವಾಗಿತ್ತೋ. ಅವನು ಗಡಿಯಾರ ನೋಡಿದಾಗಲೆಲ್ಲ "ಟೈಮಿದೆ ಬಿಡೋ" ಎಂದೆ. ಮೊದಲ ಸಲ ಹೇಳಿದಾಗ ನಿಜವಾಗಿಯೂ ಟೈಮಿತ್ತು. ಆಮೇಲೆ...

ಆಮೇಲೆ ಕೆರೆಯಾಚೆಯಿಂದ ಡೊಳ್ಳು ಕೇಳಿಸಿತು. ರಂಗಪ್ಪ ಎದ್ದು ನಿಂತ ರಭಸಕ್ಕೆ ಕಾಫಿ ಶರ್ಟಿನ ಮೇಲೆ ಚೆಲ್ಲಿತು.

"ಲೋ, ಅದು ಸುಧಾ ಅವ್ರದ್ದೇ ಅಲ್ವೇನೋ?"

"ಬೇರೆ ಯಾರ್ದೋ ಸೌಂಡ್ ಚೆಕ್ ಕಣೋ. ಹೇಳಿದ್ ಟೈಮ್‌ಗೆ ಯಾವ್ ಫಂಕ್ಷನ್ ಶುರುವಾಗುತ್ತೆ ಇಲ್ಲಿ? ಕೂತ್ಕೋ, ಇನ್ನೊಂದ್ ಲೋಟ ಕೊಡ್ತೀನಿ."

ಸೌಂಡ್ ಚೆಕ್ ಬೆಳಿಗ್ಗೆಯೇ ಮುಗಿದಿತ್ತು, ನಮ್ಮ ಅಡುಗೆಮನೆಗೂ ಕೇಳಿಸಿತ್ತು. ಆ ಹಾಲ್‌ನ ಸದ್ದು ಕೇಳಿಕೊಂಡೇ ದಿನ ದೂಡುವವನು ನಾನು — ಯಾವುದು ತಯಾರಿ, ಯಾವುದು ಶುರು ಎಂದು ನನಗೆ ತಿಳಿಯದೆ ಇರುತ್ತದೆಯೇ? ಕೂತ್ಕೋ ಎಂದೆ. ನನ್ನ ಮಾತು ನಂಬಿ ಅವನು ಕೂತ.

ನಾವು ಹಾಲ್‌ಗೆ ಬಂದಾಗ ನಿಮ್ಮ ಹುಡುಗಿಯರು ಡೊಳ್ಳುಗಳನ್ನು ಟೆಂಪೋಗೆ ಏರಿಸುತ್ತಿದ್ದರು. ಮುಂದಿನ ಸಾಲಿನ ಒಂದು ಸೀಟಿನ ಮೇಲೆ ನೀನು ಹಾಸಿದ್ದ ದುಪಟ್ಟಾ ಇನ್ನೂ ಹಾಗೇ ಇತ್ತು. ನಾನೇ ಮುಂದೆ ಬಿದ್ದು, "ಟ್ರಾಫಿಕ್ ಕಣಮ್ಮ, ಅಂಡರ್‌ಪಾಸ್ ಹತ್ರ ಸಿಕ್ಕಾಕೊಂಡ್ಬಿಟ್ಟ" ಎಂದೆ. ಬೆಂಗಳೂರಿನಲ್ಲಿ ಈ ಮಾತಿಗೆ ಯಾರೂ ಸಾಕ್ಷಿ ಕೇಳುವುದಿಲ್ಲ. ಆದರೆ ನೀನು ಅವನ ಶರ್ಟಿನ ಮೇಲಿನ ಕಾಫಿ ಕಲೆ ನೋಡಿದೆ. ಅದು ಇನ್ನೂ ಒದ್ದೆಯಾಗಿತ್ತು. "ಬಂದ್ರಾ ಅಪ್ಪ. ಊಟ ಆ ಕಡೆ ಇದೆ" ಎಂದೆ, ಯಾರದೋ ಕಡೆಯ ನೆಂಟರಿಗೆ ಹೇಳುವ ಹಾಗೆ.

ರಂಗಪ್ಪ ನನ್ನನ್ನು ಬಿಟ್ಟುಕೊಡಲಿಲ್ಲ. ವಾಪಸು ಬರುವಾಗ ಏರಿ ಮೇಲೆ, "ನಾನೇ ಹರಟೆ ಹೊಡ್ಕೊಂಡ್ ಕೂತ್ಬಿಟ್ಟೆ. ನಿಂಗೇನ್ ಗೊತ್ತಿತ್ತು, ಬಿಡು" ಎಂದು ನನಗೇ ಸಮಾಧಾನ ಹೇಳಿದ. ಆಮೇಲೆ ನೀನು ಅವನನ್ನು ಕರೆಯಲಿಲ್ಲ. ನಿನ್ನ ಹತ್ತಿರ ಬರಲು ಮುಖವಿಲ್ಲ ಎನ್ನುತ್ತಾನೆ. ಈಗಲೂ ತಿಂಗಳಿಗೊಮ್ಮೆ ನನ್ನ ಮನೆಗೆ ಬರುತ್ತಾನೆ — ನಾನು ಬೇಡಿದ್ದು ಅದನ್ನೇ, ಸಿಕ್ಕಿತು. ಅವನು ಹೋದ ಮೇಲೆ ಲೋಟ ತೊಳೆಯುತ್ತ ನಿಂತಾಗ ನನಗೆ ನಾಚಿಕೆಯಾಗುತ್ತದೆ.

ನಾಳೆ ಚಿಕ್ಕಬಾಣಾವರಕ್ಕೆ ಹೋಗಿ ಅವನಿಗೂ ಹೇಳುತ್ತೇನೆ. ಇನ್ನು ಅವನು ಬರಲಿಕ್ಕಿಲ್ಲ. ಅದು ನ್ಯಾಯವೇ.

ಆದರೆ ನಿನಗೆ ಸೇರಬೇಕಾದದ್ದು ಇನ್ನೊಂದು ನನ್ನಲ್ಲಿ ಉಳಿದಿದೆ. ಆ ದಿನ ಡೊಳ್ಳು ನಿಲ್ಲುವವರೆಗೆ ಅವನು ಅದನ್ನೇ ಕೇಳುತ್ತಿದ್ದ. ಕಿಟಕಿಯ ಕಡೆ ತಿರುಗಿ, ತೊಡೆಯ ಮೇಲೆ ಬೆರಳಲ್ಲಿ ತಾಳ ಹಾಕುತ್ತ ಕೂತಿದ್ದ. ನಿಂತ ಮೇಲೆ, "ಯಾರೋ ಏನೋ, ಸಕ್ಕತ್ತಾಗ್ ಬಾರಿಸ್ತಾರೆ ಕಣೋ. ನಮ್ ಸುಧಾನೂ ಇಂಗೇ ಬಾರಿಸ್ತಾಳಾ?" ಎಂದು ಕೇಳಿದ.

ನಾನು ಅವನ ಲೋಟಕ್ಕೆ ಕಾಫಿ ಸುರಿದೆ.