ಸೋಲಾರ್ ಪ್ಲೇಟಿನ ಮೇಲಿನ ಸಂಡಿಗೆ

ಬೆಳಗಿನ ಹತ್ತು ಗಂಟೆ ಹತ್ತು ನಿಮಿಷಕ್ಕೆ ನಳ ನಿಂತಿತು. ಭಾಲ್ಕಿಯ ಬಸ್ಸು ಆಗಷ್ಟೇ ಬಂದಿತ್ತು; ಆ ದಿನಗಳಲ್ಲಿ ನಮ್ಮೂರಿಗೆ ಅದೇ ಗಡಿಯಾರ.

ಬರಗಾಲ. ಅರ್ಧ ಊರು ಹೈದರಾಬಾದಿಗೆ ದುಡಿಯಲು ಹೋಗಿತ್ತು, ನಮ್ಮಪ್ಪನೂ. ಉಳಿದವರಿಗೆ ಒಂದೇ ಬೋರು. ಕರೆಂಟನ್ನು ನಂಬುವಂತಿರಲಿಲ್ಲ, ಹಾಗಾಗಿ ಸೋಲಾರ್ ಪಂಪು ಕೂಡಿಸಿದ್ದರು. ಬಿಸಿಲೇರುವ ಮೊದಲಿನ ಸಣ್ಣ ಧಾರೆ ಬೌದ್ಧರಾದ ನಮ್ಮ ದಲಿತರ ಓಣಿಗೆ. ಹತ್ತರ ಮೇಲಿನ ದಪ್ಪ ಧಾರೆ ಮೇಲಿನ ಓಣಿಗೆ.

ಸೋಲಾರ್ ಪ್ಲೇಟುಗಳ ಸುತ್ತಲಿನ ಬೇಲಿಯ ಕೀಲಿ ಮೇಲಿನ ಓಣಿಯ ನನ್ನ ಗೆಳತಿ ಶಾರದಾಳ ಅಪ್ಪನ ಬಳಿ ಇರುತ್ತಿತ್ತು. ಅಂದು ಅವಳವ್ವ ಸಂಡಿಗೆ ಇಟ್ಟ ಒದ್ದೆ ಧೋತರಗಳನ್ನು ಒಳಗೊಯ್ದು ಪ್ಲೇಟುಗಳ ಮೇಲೆ ಹರಡಿ ಕಟ್ಟಿದ್ದಳು. ಬೇಲಿಯೊಳಗೆ ಆಡು, ಕೋಳಿ ಬರುವುದಿಲ್ಲ. ಅಷ್ಟೇ ಅವಳ ಯೋಚನೆ; ಪ್ಲೇಟಿಗೆ ಬಿಸಿಲು ತಪ್ಪಿದರೆ ಪಂಪು ನಿಲ್ಲುತ್ತದೆಂಬುದು ಹೊಳೆದಿರಲಿಲ್ಲ. ಕಾಗೆ ಕಾಯಲು ಕೂತ ಶಾರದಾ ಬೇಲಿಯ ಸಂದಿನಿಂದ ನನಗೂ ಹಸಿ ಸಂಡಿಗೆ ಕೊಟ್ಟಳು. ಜೀರಿಗೆ, ಹಸಿಮೆಣಸಿನಕಾಯಿಯ ಘಾಟು; ಹಿಟ್ಟು ಹಲ್ಲಿಗೆ ಅಂಟುತ್ತಿತ್ತು.

ಗದ್ದಲ ಕೇಳಿ ಇಬ್ಬರೂ ನಳದ ಕಡೆ ಓಡಿದೆವು. ಕೊನೆಯ ಕೊಡ ಹೊತ್ತ ನನ್ನ ಅವ್ವನನ್ನು ಮೇಲಿನ ಓಣಿಯ ಜನ ಸುತ್ತುಗಟ್ಟಿದ್ದರು. ನಮ್ಮವರು ತಮ್ಮದು ತುಂಬಿಸಿಕೊಂಡು ವೈರ್ ಕಿತ್ತಿದ್ದಾರೆಂಬ ಮಾತು.

"ನಾಳಿಂದ ನಿಮಗ ನೀರಿಲ್ಲ," ಎಂದ ಒಬ್ಬ.

"ಕೀಲಿ ನಿಮ್ಮ ಓಣ್ಯಾಗೇ ಅದ ಅಲ್ರಿ," ಎಂದಳು ಅವ್ವ. "ನಾವೇನು ಹಾರಿ ಒಳಗ ಹೋಗೇವೇನ್ರಿ?"

ಕೊಡ ಕಿತ್ತುಕೊಂಡು ಒದ್ದರು. ಅದು ಸೀಳಿತು. ಒಬ್ಬ ಬಡಿಗೆ ಎತ್ತಿದ.

"ಪ್ಲೇಟಿನ ಮ್ಯಾಲ ಸಂಡಿಗಿ ಹಾಕ್ಯಾರ್ರಿ," ಎಂದೆ ನಾನು. "ಶಾರದಾನೂ ನೋಡ್ಯಾಳ."

ಶಾರದಾಳ ಹೆಗಲ ಮೇಲೆ ಅವಳವ್ವನ ಕೈ ಇತ್ತು. ಶಾರದಾಳ ತುಟಿಗೆ ಇನ್ನೂ ಸಂಡಿಗೆಯ ಬಿಳಿ ಹಿಟ್ಟು.

"ನಾ ಏನೂ ನೋಡಿಲ್ರಿ," ಎಂದಳು ಅವಳು.

ಬಡಿಗೆ ಅವ್ವನ ತೋಳಿಗೆ ಬಿತ್ತು.

ಸ್ವಲ್ಪ ಹೊತ್ತಿಗೆ ನಳ ತಾನೇ ಸುರಿಯತೊಡಗಿತು. ನೋಡಲು ಹೋಗಿದ್ದ ಶಾರದಾಳ ಅಪ್ಪ ಮರಳಿ ಬಂದು, ವೈರ್ ಜೋಡಿಸಿದೆ ಎಂದ. ಅವನ ಹೆಗಲ ಮೇಲೆ ಸಂಡಿಗೆ ಅಂಟಿದ ಒದ್ದೆ ಧೋತರವಿತ್ತು. ಎಲ್ಲರೂ ನೋಡಿದರು; ಯಾರೂ ಕೇಳಲಿಲ್ಲ.

ನಮ್ಮ ಪಾಳಿ ತಪ್ಪಿತು. ಹೊಲದ ಬಾವಿಯ ಕೆಸರುನೀರೇ ಗತಿಯಾಯಿತು. ಅವ್ವ ಬಾಗಿಲಿಗೆ ಬೆನ್ನು ಕೊಟ್ಟು, ಒನಕೆ ಮಡಿಲಲ್ಲಿಟ್ಟುಕೊಂಡೇ ಬೆಳಗು ಮಾಡುತ್ತಿದ್ದಳು. ಡಿಗ್ರಿ ಮುಗಿಸಿದ ಮೇಲೂ ಬಸ್ಸಿನ ಬ್ರೇಕಿನ ಸದ್ದು ಕೇಳಿದರೆ ನನ್ನ ಕೈ ಅವಳ ಸೆರಗು ಹುಡುಕುತ್ತದೆ.

ಮುಂದೆ ನಮ್ಮ ಓಣಿಗೇ ಬೇರೆ ಬೋರು, ಬೇರೆ ಪ್ಲೇಟು, ಬೇರೆ ನಳ ಬಂದವು. ಜಗಳ ನಿಂತಿತು. ಶಾರದಾ ಮತ್ತು ನಾನು ಒಂದೆಡೆ ನಿಲ್ಲಲು ಕಾರಣವೇ ಉಳಿಯಲಿಲ್ಲ. ಆ ಬೇಲಿಯ ಸಂದಿನಿಂದ ಚಾಚಿದ ಕೈಯೇ ಕೊನೆಯದು. ಹೊಸ ನಳ ಸುರಿದ ದಿನ ಅವ್ವ ಒನಕೆಯನ್ನು ಮೂಲೆಗಿಟ್ಟಳು. ಅಂದು ನಾವಿಬ್ಬರೂ ಬೆಳಗಿನವರೆಗೆ ನಿದ್ದೆ ಮಾಡಿದೆವು.